ಬಿರುಕಿಗೆ ತಡೆ ಬೀಳುವ ಜಾಗ

ಬಿರುಕಿನ ಬೀಜ ಇಲ್ಲದ ವಸ್ತುವೇ ಇಲ್ಲ. ಗಾಜು ಒರೆಸುವಾಗ ಬಿದ್ದ ಗೀರು, ಎರಕದ ಕಬ್ಬಿಣದೊಳಗೆ ಉಳಿದ ಗಾಳಿಗುಳ್ಳೆ, ವೆಲ್ಡಿಂಗ್ ಮಾಡುವಾಗ ಸೇರಿಕೊಂಡ ಕಿಟ್ಟ, ಯಾವುದರಿಂದಲಾದರೂ ಬಿರುಕು ಹುಟ್ಟಬಹುದು. ಹಾಗಿದ್ದರೂ ಸೇತುವೆಗಳು ನಿಂತಿವೆ, ವಿಮಾನಗಳು ಹಾರುತ್ತಿವೆ. ಹುಟ್ಟಿದ ಬಿರುಕು ಬೆಳೆಯಬೇಕೋ ನಿಲ್ಲಬೇಕೋ ಎಂಬುದು ತೀರ್ಮಾನವಾಗುವುದು ಅದರ ತುದಿಯ ಆಸುಪಾಸಿನಲ್ಲಿ.

ತುದಿಗೆ ಅಷ್ಟು ಮಹತ್ವ ಏಕೆಂಬುದನ್ನು 1913ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ ಲೆಕ್ಕ ಹಾಕಿ ತೋರಿಸಿದರು. ಎಳೆತಕ್ಕೆ ಒಳಗಾದ ಅಗಲವಾದ ತಗಡಿನಲ್ಲಿ ದುಂಡನೆಯ ರಂಧ್ರವಿದ್ದರೆ, ಅದರ ಅಂಚಿನಲ್ಲಿ ಪೀಡನ (ಒಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಬಲ) ಮೂರು ಪಟ್ಟಾಗುತ್ತದೆ. ರಂಧ್ರ ಎಳೆತಕ್ಕೆ ಅಡ್ಡಲಾಗಿ ಚಾಚಿಕೊಂಡು, ಅಗಲದ ಹತ್ತರಷ್ಟು ಉದ್ದದ ದೀರ್ಘವೃತ್ತವಾದರೆ ತುದಿಯಲ್ಲಿ 21 ಪಟ್ಟು. ತುದಿ ಚೂಪಾದಷ್ಟೂ ಪೀಡನ ಏರುತ್ತದೆ. ಗ್ಯಾರೇಜಿನ ಮೆಕ್ಯಾನಿಕ್ ಸೀಳಿದ ತಗಡಿನಲ್ಲಿ ಬಿರುಕು ಮುಗಿಯುವ ಕಡೆಯೇ ಡ್ರಿಲ್ ಇಟ್ಟು ಒಂದು ತೂತು ಕೊರೆಯುವುದು ಇದೇ ಕಾರಣಕ್ಕೆ. ಚೂಪು ತುದಿ ದುಂಡಗಾಗಿ, ಪೀಡನ ಇಳಿದು, ಬಿರುಕು ಸದ್ಯಕ್ಕೆ ಅಲ್ಲೇ ನಿಲ್ಲುತ್ತದೆ.

ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ಸಂಶೋಧನೆಯಲ್ಲಿ ತೊಡಗಿದ್ದ ಎ. ಎ. ಗ್ರಿಫಿತ್ 1921ರಲ್ಲಿ ಈ ಪ್ರಶ್ನೆಗೆ ಶಕ್ತಿಯ ಲೆಕ್ಕವನ್ನು ತಂದರು. ಬಿರುಕು ಮುಂದುವರಿದರೆ ಎರಡು ಹೊಸ ಮೇಲ್ಮೈಗಳು ಹುಟ್ಟಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಎಳೆತದಲ್ಲಿದ್ದ ವಸ್ತು ಸಡಿಲಗೊಂಡಾಗ ಬಿಡುಗಡೆಯಾಗುವ ಶಕ್ತಿ ಈ ಖರ್ಚನ್ನು ಮೀರಿದರೆ ಬಿರುಕು ತಾನಾಗಿ ಓಡುತ್ತದೆ. ಗಾಜಿನ ಮಟ್ಟಿಗೆ ಈ ಲೆಕ್ಕ ಚೆನ್ನಾಗಿ ಕೂಡಿಬಂತು. ಉಕ್ಕಿಗೆ ಕೂಡಿಬರಲಿಲ್ಲ, ಅಲ್ಲಿ ಖರ್ಚಾಗುವ ಶಕ್ತಿ ಮೇಲ್ಮೈ ಶಕ್ತಿಗಿಂತ ಸಾವಿರಾರು ಪಟ್ಟು ಹೆಚ್ಚು.

ಆ ಶಕ್ತಿ ಎಲ್ಲಿ ಹೋಗುತ್ತದೆ ಎಂಬುದನ್ನು ಬಿಡಿಸಿದವರಲ್ಲಿ ಮುಖ್ಯರು ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಜಾರ್ಜ್ ಇರ್ವಿನ್. ಲೋಹದಲ್ಲಿ ಪೀಡನ ಒಂದು ಮಿತಿ ದಾಟಿದರೆ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ. ತುದಿಯ ಮುಂದಿನ ಸ್ವಲ್ಪ ಜಾಗ ಹೀಗೆ ಶಾಶ್ವತವಾಗಿ ರೂಪ ಬದಲಿಸಿ ತುದಿಯನ್ನು ಮೊಂಡಾಗಿಸುತ್ತದೆ, ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಬಿರುಕು ಪ್ರತಿ ಹೆಜ್ಜೆಗೂ ಇಂಥ ವಲಯವೊಂದನ್ನು ಹೊಸದಾಗಿ ಸೃಷ್ಟಿಸಿಕೊಂಡೇ ಸಾಗಬೇಕು. ಇರ್ವಿನ್ 1957ರಲ್ಲಿ ತುದಿಯ ಸುತ್ತಲಿನ ಪೀಡನದ ತೀವ್ರತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಕ್ರಮ ಕೊಟ್ಟರು. ವಸ್ತುವೊಂದು ಎಷ್ಟರವರೆಗೆ ತಾಳುತ್ತದೆ ಎಂಬುದೇ ಅದರ ಬಿರುಕು ತಾಳಿಕೆ. ಮೆಗಾಪ್ಯಾಸ್ಕಲ್-ವರ್ಗಮೂಲ ಮೀಟರ್ ಎಂಬ ಮಾನದಲ್ಲಿ ಕಿಟಕಿ ಗಾಜಿಗೆ ಅದು ಸುಮಾರು 0.7, ಕಟ್ಟಡ, ಸೇತುವೆಗಳ ಒಳ್ಳೆಯ ಉಕ್ಕಿಗೆ 50ಕ್ಕಿಂತ ಬಹಳ ಮೇಲೆ.

ಚಳಿಯಲ್ಲಿ ಈ ಜಾರುವಿಕೆ ಕಷ್ಟವಾಗುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಶಾಂತ ನೀರಿನಲ್ಲಿ ಕಟ್ಟಿ ನಿಲ್ಲಿಸಿದ್ದ ಹೊಚ್ಚಹೊಸ ತೈಲವಾಹಕ ಹಡಗು ‘ಸ್ಕೆನೆಕ್ಟಡಿ’ ನಡುವಿನಲ್ಲಿ ಹೆಚ್ಚುಕಡಿಮೆ ಎರಡಾಗಿ ಸೀಳಿತು. ತಣ್ಣಗಾದಾಗ ಪೆಡಸಾಗುವ ಉಕ್ಕಿನಲ್ಲಿ, ವೆಲ್ಡಿಂಗ್ ದೋಷದಿಂದ ಹೊರಟ ಬಿರುಕಿಗೆ ದಾರಿಯಲ್ಲಿ ತಡೆಯೇ ಸಿಗಲಿಲ್ಲ.

ಸೆರಾಮಿಕ್‌ಗಳಲ್ಲಿ ಪರಮಾಣುಗಳು ಹೀಗೆ ಸುಲಭವಾಗಿ ಜಾರುವುದಿಲ್ಲ. ಅಲ್ಲಿ ತುದಿಯ ಮುಂದೆ ತಡೆ ಕಡಿಮೆ. ಬಿರುಕು ಹಾದುಹೋದ ಹಿಂದಿನ ಜಾಗದಲ್ಲಿ ತಡೆ ಒಡ್ಡಬೇಕು. ಇದಕ್ಕೆ ಸೊಗಸಾದ ಉದಾಹರಣೆ ಜಿರ್ಕೋನಿಯಾ. ಶುದ್ಧ ಜಿರ್ಕೋನಿಯಾ ಬಿಸಿಯಿಂದ ಆರುವಾಗ ಹರಳಿನ ರೂಪ ಬದಲಿಸಿ ಗಾತ್ರದಲ್ಲಿ ಸುಮಾರು ಶೇ. 4ರಷ್ಟು ಹಿಗ್ಗುತ್ತದೆ, ತನ್ನನ್ನೇ ಒಡೆದುಕೊಳ್ಳುತ್ತದೆ. ಸ್ವಲ್ಪ ಇಟ್ರಿಯಾ ಅಥವಾ ಮೆಗ್ನೀಷಿಯಾ ಬೆರೆಸಿದರೆ ಬಿಸಿಯಲ್ಲಿದ್ದ ರೂಪವನ್ನು ಕೋಣೆಯ ಉಷ್ಣತೆಯಲ್ಲೂ ಉಳಿಸಿಕೊಳ್ಳಬಹುದು. ಬಿರುಕು ಬಂದಾಗ ತುದಿಯ ಎಳೆತಕ್ಕೆ ಸಿಕ್ಕ ಹರಳುಗಳು ಆಗ ರೂಪ ಬದಲಿಸಿ ಹಿಗ್ಗುತ್ತವೆ. ಸುತ್ತಲಿನ ವಸ್ತು ಜಾಗ ಕೊಡದ ಕಾರಣ ಅವು ಬಿರುಕಿನ ಎರಡು ಮಗ್ಗುಲನ್ನೂ ಅಮುಕಿ ಹಿಡಿಯುತ್ತವೆ. ಬಿರುಕು ಸ್ವಲ್ಪ ಮುಂದುವರಿದು, ಹಿಗ್ಗಿದ ಹರಳುಗಳು ಅದರ ಹಿಂದೆ ಉಳಿದಾಗಲೇ ಈ ರಕ್ಷಣೆ ಪೂರ್ತಿ ದಕ್ಕುತ್ತದೆ. ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ 1975ರಲ್ಲಿ ಇದನ್ನು ಪ್ರಕಟಿಸಿದರು. ಇಂದು ದಂತವೈದ್ಯರು ಹಲ್ಲಿಗೆ ಕೂರಿಸುವ ಜಿರ್ಕೋನಿಯಾ ಕ್ಯಾಪ್ ಬಾಳುವುದು ಈ ಗುಣದಿಂದ.

ಎರಡನೆಯ ಉಪಾಯ ಸೇತುವೆ ಕಟ್ಟುವುದು. ಬಿರುಕು ದಾಟಿದ ಮೇಲೂ ಅದರ ಎರಡು ದಡಗಳನ್ನು ಏನಾದರೂ ಹಿಡಿದಿಟ್ಟರೆ ಎಳೆತದ ಒಂದು ಪಾಲನ್ನು ಅದೇ ಹೊರುತ್ತದೆ, ತುದಿಗೆ ಮುಟ್ಟುವುದು ಉಳಿದದ್ದು. ಕಾಂಕ್ರೀಟಿನಲ್ಲಿ ಜಲ್ಲಿಕಲ್ಲು, ಸಿಲಿಕಾನ್ ನೈಟ್ರೈಡಿನಲ್ಲಿ ಉದ್ದನೆಯ ಹರಳುಗಳು, ಮಣ್ಣಿನ ಗೋಡೆಯಲ್ಲಿ ಕಲಸಿದ ಹುಲ್ಲು ಈ ಕೆಲಸ ಮಾಡುತ್ತವೆ. ಹುಲ್ಲಿನ ಎಳೆ ತುಂಡಾಗುವ ಮುನ್ನ ಮಣ್ಣಿನಿಂದ ಕಿತ್ತುಬರಬೇಕು. ಆ ತಿಕ್ಕಾಟದಲ್ಲೂ ಶಕ್ತಿ ಕರಗುತ್ತದೆ.

ಮೂರನೆಯದು ದಾರಿ ತಪ್ಪಿಸುವುದು. ಮುತ್ತಿನ ಚಿಪ್ಪಿನ ಹೊಳೆಯುವ ಒಳಪದರದಲ್ಲಿ ಶೇ. 95ರಷ್ಟು ಅರಗೊನೈಟ್ ಎಂಬ ಪೆಡಸು ಸುಣ್ಣದ ಖನಿಜವೇ ಇದೆ. ಅದು ಸುಮಾರು ಅರ್ಧ ಮೈಕ್ರೋಮೀಟರ್ ದಪ್ಪದ ಬಿಲ್ಲೆಗಳಾಗಿ, ನಡುವೆ ತೆಳುವಾದ ಪ್ರೋಟೀನು ಪದರವಿಟ್ಟು, ಗಾರೆ ಹಾಕಿದ ಇಟ್ಟಿಗೆಗಳಂತೆ ಜೋಡಣೆಗೊಂಡಿದೆ. ಬಿರುಕು ನೇರ ಹೋಗಲಾರದೆ ಬಿಲ್ಲೆಗಳ ಅಂಚು ಬಳಸಿ ತಿರುಗುತ್ತದೆ, ಬಿಲ್ಲೆಗಳು ಒಂದರ ಮೇಲೊಂದು ತುಸು ಜಾರುತ್ತವೆ. ಇದರಿಂದಾಗಿ ಚಿಪ್ಪನ್ನು ಮುರಿಯಲು ಬರಿಯ ಅರಗೊನೈಟನ್ನು ಮುರಿಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶ್ರಮ ಬೇಕು. ಮೂಳೆಯಲ್ಲೂ ಅಡ್ಡಲಾಗಿ ಹೊರಟ ಬಿರುಕನ್ನು ಉದ್ದುದ್ದ ಕೊಳವೆ ರಚನೆಗಳ ಗಡಿರೇಖೆಗಳು ಪಕ್ಕಕ್ಕೆ ತಿರುಗಿಸುತ್ತವೆ.

ಹಿಂದಿನಿಂದ ಬರುವ ತಡೆಗೆ ಒಂದು ವಿಶೇಷ ಗುಣವಿದೆ: ಬಿರುಕು ಉದ್ದವಾದಂತೆ ಸೇತುವೆಗಳೂ ಹಿಗ್ಗಿದ ಹರಳುಗಳೂ ಹೆಚ್ಚಿ, ತಡೆಯೂ ಒಂದು ಮಿತಿಯವರೆಗೆ ಏರುತ್ತದೆ. ಹಾಗಾಗಿ ಇಂಥ ವಸ್ತು ಸಣ್ಣ ಬಿರುಕುಗಳೊಡನೆ ಬಾಳಬಲ್ಲದು. ಆದರೆ ಭಾರ ಮತ್ತೆ ಮತ್ತೆ ಬಿದ್ದು ಇಳಿಯುತ್ತಿದ್ದರೆ ದಡಗಳು ಉಜ್ಜಿ ಸೇತುವೆಗಳು ಸವೆಯುತ್ತವೆ. ಲೋಹಗಳಲ್ಲಿ ಬೇರೊಂದು ಸಂಗತಿ ನಡೆಯುತ್ತದೆ. ಹಿಂದೆ ಉಳಿದ ರೂಪಗೆಟ್ಟ ಲೋಹದಿಂದಾಗಿ, ಭಾರ ಪೂರ್ತಿ ಇಳಿಯುವ ಮೊದಲೇ ಬಿರುಕಿನ ದಡಗಳು ಕೂಡಿಕೊಳ್ಳುತ್ತವೆ ಎಂದು ವೂಲ್ಫ್ ಎಲ್ಬರ್ 1970ರ ಸುಮಾರಿಗೆ ತೋರಿಸಿದರು. ಮುಚ್ಚಿದ ಬಿರುಕಿನ ತುದಿಗೆ ಪೂರ್ತಿ ಎಳೆತ ಮುಟ್ಟದ ಕಾರಣ ಬೆಳವಣಿಗೆ ನಿಧಾನವಾಗುತ್ತದೆ. ವಿಮಾನದ ಭಾಗವೊಂದು ಎಷ್ಟು ಹಾರಾಟ ತಾಳೀತು, ತಪಾಸಣೆ ಎಷ್ಟು ದಿನಕ್ಕೊಮ್ಮೆ ಬೇಕು ಎಂದು ನಿಗದಿ ಮಾಡುವಾಗ ಎಂಜಿನಿಯರುಗಳು ಈ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.