ನೆಲಮಾಳಿಗೆಯಿಂದ ಹೊರಟ ನಾದ

ಸಂಸಾರವೊಂದು ಒಡೆದು ಎರಡಾದಾಗ ದುಃಖಕ್ಕೆ ಪಾಲುಗಾರರಾಗುವವರು ಗಂಡುಹೆಣ್ಣುಗಳಿಬ್ಬರೇ ಅಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಮಗಳ ಕಣ್ಣೀರನ್ನು ಮೌನವಾಗಿ ನೋಡುವ ಹಿರಿಯ ಜೀವವೊಂದು ಆ ಮನೆಯಲ್ಲಿರುತ್ತದೆ. ಆ ತಾಯಿಯ ಮುಂದೆ ತಲೆಬಾಗಿ ಕ್ಷಮೆ ಬೇಡುವ ಗಂಡಸರು ಲೋಕದಲ್ಲಿ ಎಷ್ಟು ಮಂದಿ? ಅಮೆರಿಕಾ ದೇಶದ ಇಪ್ಪತ್ತೈದು ವರ್ಷದ ಗಾಯಕರೊಬ್ಬರು 2000ನೆಯ ಇಸವಿಯಲ್ಲಿ ಈ ಕಾರ್ಯವನ್ನು ಲೋಕವೆಲ್ಲ ಕೇಳುವಂತೆ ಹಾಡಿನ ಮೂಲಕ ನೆರವೇರಿಸಿದರು. ಅವರ ಹೆಸರು ಆಂಡ್ರೆ ಬೆಂಜಮಿನ್. ಅವರೂ ಅವರ ಪ್ರೌಢಶಾಲೆಯ ಗೆಳೆಯರಾದ ಆಂಟ್ವಾನ್ ಪ್ಯಾಟನ್ನರೂ ಸೇರಿ ಕಟ್ಟಿದ ‘ಔಟ್‌ಕಾಸ್ಟ್’ ಎಂಬ ಜೋಡಿಯ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ. ಆ ಹೆಸರಿಗೆ ಬಹಿಷ್ಕೃತರು ಎಂದರ್ಥ. ಅದೇಕೆ ಹಾಗೆಂಬುದು ಮುಂದೆ ತಿಳಿಯುವುದು.

ಹಿಪ್‌ಹಾಪ್ ಎಂಬುದು 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ, ಬಡತನದಲ್ಲಿ ಬೆಳೆದ ತರುಣರ ನಡುವೆ ಹುಟ್ಟಿದ ಸಂಗೀತ. ಇದರಲ್ಲಿ ಗಾಯಕನು ರಾಗವನ್ನೆಳೆದು ಹಾಡುವುದಕ್ಕಿಂತ, ಪ್ರಾಸಬದ್ಧವಾದ ಮಾತುಗಳನ್ನು ತಾಳಕ್ಕೆ ತಪ್ಪದಂತೆ ನುಡಿಯುವುದೇ ಹೆಚ್ಚು. ಕೆಲಕಾಲದಲ್ಲಿಯೇ ಪೂರ್ವದ ನ್ಯೂಯಾರ್ಕೂ ಪಶ್ಚಿಮದ ಲಾಸ್ ಏಂಜಲೀಸೂ ಈ ಕಲೆಯ ಎರಡು ರಾಜಧಾನಿಗಳಾದವು. ದಕ್ಷಿಣ ಸಂಸ್ಥಾನಗಳಲ್ಲಿಯೂ ಗಾಯಕರಿರಲಿಲ್ಲವೆಂದಲ್ಲ; ಆದರೆ ಅವರ ಎಳೆದಾಡುವ ಉಚ್ಚಾರಣೆಯನ್ನು ರಾಜಧಾನಿಯವರು ಹಳ್ಳಿಯವರ ನುಡಿಯೆಂದು ಹಾಸ್ಯಮಾಡುತ್ತಿದ್ದರು.

ಗೆಳೆಯರಿಬ್ಬರೂ ಜನಿಸಿದುದು 1975ರಲ್ಲಿ. ಪ್ಯಾಟನ್ನರು ಜಾರ್ಜಿಯಾ ಸಂಸ್ಥಾನದ ಸವಾನಾ ಊರಿನಲ್ಲಿಯೂ, ಬೆಂಜಮಿನ್ನರು ಅದೇ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿಯೂ ಹುಟ್ಟಿದರು. ಅಟ್ಲಾಂಟಾದ ಬಳಿಯ ಈಸ್ಟ್ ಪಾಯಿಂಟ್ ಎಂಬಲ್ಲಿಯ ಪ್ರೌಢಶಾಲೆಯಲ್ಲಿ ಇಬ್ಬರೂ ಸಹಪಾಠಿಗಳು. ಇವರ ಪ್ರತಿಭೆಯನ್ನು ಗುರುತಿಸಿದವರು ರಿಕೊ ವೇಡ್ ಎಂಬ ತರುಣರು. ವೇಡರೂ ಅವರ ಇಬ್ಬರು ಸಂಗಡಿಗರೂ ‘ಆರ್ಗನೈಸ್ಡ್ ನಾಯ್ಸ್’ ಎಂಬ ಹೆಸರಿನಲ್ಲಿ ಸಂಗೀತ ಸಂಯೋಜನೆ ಮಾಡುತ್ತಿದ್ದರು. ವೇಡರ ತಾಯಿಯ ಮನೆಯ ನೆಲಮಾಳಿಗೆಯೇ ಇವರೆಲ್ಲರ ಸಂಗೀತಶಾಲೆಯಾಯಿತು. ಕೆಳಗೆ ಗಾರೆಯಿಲ್ಲದ ಕೆಮ್ಮಣ್ಣಿನ ನೆಲ. ಕತ್ತಲೆಯ ಸೆರೆಮನೆಯೆಂಬರ್ಥದಲ್ಲಿ ಅದನ್ನು ‘ಡಂಜನ್’ ಎಂದು ಕರೆದರು. ಊರ ಹುಡುಗರು ಹಗಲುರಾತ್ರಿ ತನ್ನ ಮನೆಯಲ್ಲಿ ಸದ್ದು ಮಾಡುತ್ತಿದ್ದರೂ ಸಹಿಸಿದ ಆ ತಾಯಿಯನ್ನು ಈ ಕಥೆಯಲ್ಲಿ ಮರೆಯಲಾಗದು.

ಇವರ ಮೊದಲ ಪ್ರಸಿದ್ಧ ಗೀತೆಯು 1993ರಲ್ಲಿ ಕ್ರಿಸ್ಮಸ್ ಹಬ್ಬದ ಸಂಗ್ರಹವೊಂದಕ್ಕಾಗಿ ಸಿದ್ಧವಾಯಿತು. ಹಬ್ಬದ ವಾಡಿಕೆಯ ವರ್ಣನೆಯನ್ನು ಬಿಟ್ಟು, ಆ ದಿನವು ತಮ್ಮ ಬೀದಿಯಲ್ಲಿ ಹೇಗೆ ಕಳೆಯುವುದೆಂಬುದನ್ನೇ ಇವರು ನುಡಿದರು. ಮರುವರ್ಷ ಮೊದಲ ಪೂರ್ಣ ಧ್ವನಿಮುದ್ರಿಕೆಯು ಹೊರಬಂದು ಜನಾದರವನ್ನು ಪಡೆಯಿತು. 1995ರ ಆಗಸ್ಟ್ ತಿಂಗಳಿನಲ್ಲಿ ‘ದಿ ಸೋರ್ಸ್’ ಪತ್ರಿಕೆಯು ನ್ಯೂಯಾರ್ಕಿನಲ್ಲಿ ನಡೆಸಿದ ಸಭೆಯಲ್ಲಿ ಇವರಿಗೆ ಹೊಸ ತಂಡಗಳಲ್ಲಿ ಶ್ರೇಷ್ಠವೆಂಬ ಪ್ರಶಸ್ತಿಯು ಬಂದಿತು. ಹೆಸರನ್ನು ಕೂಗಿದೊಡನೆ ಸಭಿಕರು ಛೀಮಾರಿ ಹಾಕಿದರು! ಇಪ್ಪತ್ತು ವರ್ಷದ ಬೆಂಜಮಿನ್ನರು ಬೈಗುಳಕ್ಕೆ ಬೈಗುಳವನ್ನು ಕೊಡಲಿಲ್ಲ. ದಕ್ಷಿಣದವರಿಗೂ ಹೇಳಬೇಕಾದ ಮಾತುಂಟೆಂದು ಹೇಳಿ ವೇದಿಕೆಯಿಂದಿಳಿದರು. ಬಹಿಷ್ಕೃತರೆಂದು ತಾವೇ ಇಟ್ಟುಕೊಂಡ ಹೆಸರು ಅಂದು ಅಕ್ಷರಶಃ ನಿಜವಾಯಿತು.

ಮುಂದಿನ ಧ್ವನಿಮುದ್ರಿಕೆಗಳೇ ಆ ಸಭೆಗೆ ಉತ್ತರವಾದವು. 1996ರಲ್ಲಿ ‘ಎಟಿಎಲಿಯನ್ಸ್’, 1998ರಲ್ಲಿ ‘ಅಕ್ವೆಮಿನೈ’. ಎರಡನೆಯ ಹೆಸರು ಗೆಳೆಯರಿಬ್ಬರ ಜನ್ಮರಾಶಿಗಳಾದ ಕುಂಭ ಮಿಥುನಗಳ ಇಂಗ್ಲಿಷ್ ಹೆಸರುಗಳನ್ನು ಬೆಸೆದು ಮಾಡಿದುದು. ಛೀಮಾರಿಗೆ ರಂಗವಾದ ‘ದಿ ಸೋರ್ಸ್’ ಪತ್ರಿಕೆಯೇ ಇದಕ್ಕೆ ತನ್ನ ಅತ್ಯುಚ್ಚ ಶ್ರೇಣಿಯನ್ನು ಕೊಟ್ಟಿತು. ಇದರಲ್ಲಿಯ ಒಂದು ಗೀತೆಯಲ್ಲಿ ಧರ್ಮೋಪದೇಶಕರಾಗಿದ್ದ ಬೆಂಜಮಿನ್ನರ ಮಲತಂದೆಯವರೇ ಹಾರ್ಮೋನಿಕಾ ನುಡಿಸಿದ್ದಾರೆ. ಆದರೆ ಆ ಗೀತೆಗೆ ವರ್ಣಭೇದದ ವಿರುದ್ಧ ಹೋರಾಡಿದ ಪೂಜ್ಯ ಮಹಿಳೆ ರೋಸಾ ಪಾರ್ಕ್ಸರ ಹೆಸರನ್ನಿಟ್ಟುದು ವ್ಯಾಜ್ಯಕ್ಕೆಡೆಯಾಯಿತು. 1999ರಲ್ಲಿ ಅವರ ಪರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. 2005ರಲ್ಲಿ, ಅವರ ಜೀವನವನ್ನು ಮಕ್ಕಳಿಗೆ ತಿಳಿಸುವ ಕಾರ್ಯಕ್ಕೆ ನೆರವಾಗುವುದೆಂಬ ಒಪ್ಪಂದದ ಮೇಲೆ ಅದು ಇತ್ಯರ್ಥವಾಯಿತು. ಹಿರಿಯರ ಹೆಸರನ್ನು ಬಳಸುವಾಗ ಅವರ ಮನಸ್ಸನ್ನೂ ಅರಿಯಬೇಕೆಂಬ ಪಾಠವು ಇದರಲ್ಲಿದೆ.

ಇನ್ನು ಆರಂಭದಲ್ಲಿ ಹೇಳಿದ ಹಾಡಿನ ಮಾತು. ಬೆಂಜಮಿನ್ನರಿಗೂ ಪ್ರಸಿದ್ಧ ಗಾಯಕಿ ಎರಿಕಾ ಬಾಡು ಅವರಿಗೂ 1997ರಲ್ಲಿ ಗಂಡುಮಗು ಹುಟ್ಟಿತು. ಬಳಿಕ ಇಬ್ಬರೂ ಅಗಲಿದರು. ‘ಸ್ಟ್ಯಾಂಕೋನಿಯಾ’ ಎಂಬ ಧ್ವನಿಮುದ್ರಿಕೆಯಲ್ಲಿಯ ‘ಮಿಸ್ ಜ್ಯಾಕ್ಸನ್’ ಎಂಬ ಗೀತೆಯಲ್ಲಿ ಅವರು ಮಗುವಿನ ಅಜ್ಜಿಯನ್ನು ಕಲ್ಪಿತ ಹೆಸರಿನಿಂದ ಸಂಬೋಧಿಸಿ ಕ್ಷಮೆ ಬೇಡಿದರು. ಅದೇ ಗೀತೆಯಲ್ಲಿ ಪ್ಯಾಟನ್ನರ ಭಾಗವು ಅಷ್ಟು ಮೃದುವಲ್ಲ. ಮಗುವಿಗಾಗಿ ಏಳುವ ಹಣದ ಜಗಳ, ವಕೀಲರ ಹಾವಳಿ, ತಂದೆಯ ಕೋಪ ಎಲ್ಲವೂ ಅಲ್ಲಿವೆ. ಒಂದೇ ನೋವಿನ ಎರಡು ಮುಖಗಳನ್ನು ಮರೆಮಾಚದೆ ಜೊತೆಯಾಗಿ ಇಟ್ಟುದರಿಂದಲೇ ಅದು ಮನೆಮನೆಯ ಹಾಡಾಯಿತು. 2001ರ ಫೆಬ್ರವರಿಯಲ್ಲಿ ಅದು ಅಮೆರಿಕಾದ ಗೀತೆಗಳ ಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೇರಿತು. ಆ ಅಜ್ಜಿಯವರು ಮುನಿದರೇ? ಇಲ್ಲ. ಹಾಡಿನ ಹೆಸರುಳ್ಳ ಫಲಕವನ್ನೇ ತಮ್ಮ ಮೋಟಾರಿಗೆ ಕೊಂಡುಕೊಂಡರೆಂದು ಮಗಳೇ ನಗುತ್ತ ಹೇಳಿದ್ದಾರೆ.

2003ರಲ್ಲಿ ಗೆಳೆಯರು ವಿಚಿತ್ರವಾದ ಸಾಹಸವೊಂದನ್ನು ಮಾಡಿದರು. ಇಬ್ಬರ ಅಭಿರುಚಿಗಳೂ ದೂರವಾಗುತ್ತಿದ್ದುದರಿಂದ, ಒಬ್ಬೊಬ್ಬರೂ ಒಂದೊಂದು ತಟ್ಟೆಯನ್ನು ತಮ್ಮಿಚ್ಛೆಯಂತೆ ರಚಿಸಿ, ಎರಡನ್ನೂ ಒಂದೇ ಹೊದಿಕೆಯಲ್ಲಿ ಪ್ರಕಟಿಸಿದರು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೂ ಅಂಗಳವನ್ನು ಒಂದಾಗಿಯೇ ಉಳಿಸಿಕೊಂಡಂತೆ! ಇದಕ್ಕೆ 2004ರಲ್ಲಿ ಆ ದೇಶದ ಸಂಗೀತಗಾರರ ಮಹಾಪ್ರಶಸ್ತಿಯಾದ ಗ್ರ್ಯಾಮಿಯು, ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಯೆಂಬ ಗೌರವದೊಡನೆ ದೊರಕಿತು. ಇಬ್ಬರೂ ಕೂಡಿ ಹೊರತಂದ ಕೊನೆಯ ಹೊಸ ಧ್ವನಿಮುದ್ರಿಕೆಯು 2006ರದು. ಪ್ಯಾಟನ್ನರು ಬಳಿಕ ತಮ್ಮದೇ ಧ್ವನಿಮುದ್ರಿಕೆಗಳನ್ನು ಪ್ರಕಟಿಸಿದರು. ಬೆಂಜಮಿನ್ನರಾದರೋ ನುಡಿಯನ್ನೇ ಬಿಟ್ಟು ಕೊಳಲುಗಳನ್ನು ಕೈಗೆತ್ತಿಕೊಂಡು, 2023ರಲ್ಲಿ ಕೇವಲ ವಾದ್ಯಸಂಗೀತದ ಧ್ವನಿಮುದ್ರಿಕೆಯೊಂದನ್ನು ಹೊರತಂದರು.

ಇವರ ಗೀತೆಗಳೆಲ್ಲವೂ ಮಕ್ಕಳ ಮುಂದೆ ಕೇಳತಕ್ಕವಲ್ಲ; ಬೀದಿಯ ಒರಟು ಮಾತುಗಳು ಹಲವೆಡೆ ಬರುತ್ತವೆ. ಹಿರಿಯರು ಮೊದಲು ತಾವು ಕೇಳಿ ಆರಿಸುವುದು ಲೇಸು. ಆದರೆ ಒರಟುತನಕ್ಕಾಗಿ ಒಳಗಿನ ತಿರುಳನ್ನು ಎಸೆಯುವುದು ಜಾಣತನವಲ್ಲ. ತಮ್ಮ ಊರಿನ ನುಡಿಗೆ ನಾಚದೆ, ತಮ್ಮ ಮನೆಯ ನೋವನ್ನು ಮುಚ್ಚದೆ ಹೇಳಿದುದರಿಂದಲೇ ಕೆಮ್ಮಣ್ಣಿನ ನೆಲಮಾಳಿಗೆಯ ಹುಡುಗರ ದನಿಯು ಲೋಕದ ಕಿವಿಯನ್ನು ಮುಟ್ಟಿತು. ನಮ್ಮ ಮನೆಯ ಹಿರಿಯರೊಬ್ಬರಿಗೆ ನಾವು ಹೇಳದೆ ಉಳಿಸಿಕೊಂಡಿರುವ ಕ್ಷಮೆಯ ಮಾತೊಂದು ಇದ್ದಲ್ಲಿ, ಅದನ್ನು ಹೇಳಲು ಹಾಡು ಬರಬೇಕಾಗಿಲ್ಲ. ಮನಸ್ಸು ಬಂದರೆ ಸಾಕು.