ಒಂದು ಏರಿ ಒಡೆದರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಆದುದರಿಂದಲೇ ಅಲ್ಲಿನ ಹಿರಿಯರು ಇಳಿಜಾರುಗಳಿಗೆ ಅಡ್ಡಲಾಗಿ ಏರಿ ಹಾಕಿ ಊರೂರಿಗೂ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿಬಿದ್ದರೆ ಆ ನೀರು ಕೆಳಗಿನ ಕೆರೆಗೆ ಸೇರುವಂತೆ ಇವು ಸರಪಣಿಯ ಕೊಂಡಿಗಳ ಹಾಗೆ ಹೆಣೆದುಕೊಂಡಿವೆ. ಇದರಲ್ಲಿ ಅನುಕೂಲವಿರುವಂತೆ ಅಪಾಯವೂ ಉಂಟು. ಮೇಲಿನ ಏರಿ ಒಡೆದರೆ ಆ ನೀರಿನ ರಭಸಕ್ಕೆ ಕೆಳಗಿನ ಏರಿಯೂ ನಿಲ್ಲಲಾರದು. ೧೯೦೩ರಲ್ಲಿ ಪಾಲಾರ್ ನದಿಯ ಕಣಿವೆಯಲ್ಲಿ ಹೀಗೆಯೇ ಆಯಿತು. ಮೈಸೂರು ಸಂಸ್ಥಾನದ ಕೆರೆಗಳು ಒಡೆದು, ಎಷ್ಟೋ ಕೆಳಗಿದ್ದ ವಾಣಿಯಂಬಾಡಿ ಪಟ್ಟಣವನ್ನು ನೆರೆ ಹಾಳುಗೆಡವಿತು. ಏರಿಯ ಬಿಲವೊಂದನ್ನು ಸಕಾಲದಲ್ಲಿ ಮುಚ್ಚುವುದು ಒಂದು ಊರಿನ ಕೆಲಸವಾದರೂ, ಅದರ ಫಲ ಹಲವು ಊರುಗಳಿಗೆ ಸೇರಿದುದು.

ಇಂದು ಇದೇ ಸೀಮೆಯಲ್ಲಿ ಇನ್ನೊಂದು ಸರಪಣಿ ಹಬ್ಬಿದೆ. ಸಾವಿರ ಅಡಿಗೂ ಮಿಕ್ಕಿ ಕೊರೆದ ಕೊಳವೆ ಬಾವಿಯ ಪಂಪನ್ನು ರೈತನು ಮನೆಯಿಂದಲೇ ಮೊಬೈಲಿನಿಂದ ನಡೆಸಬಹುದು. ಅಂಗಡಿಯ ಕ್ಯಾಮೆರಾ ತಾನು ಕಂಡುದನ್ನು ಯಜಮಾನನ ಕೈಯಲ್ಲಿರುವ ಪರದೆಗೆ ಕಳುಹುತ್ತದೆ. ಮನೆಯ ಮೂಲೆಯಲ್ಲಿ ಮಿಣುಕುವ ಮೋಡೆಮ್ ಎಂಬ ಪೆಟ್ಟಿಗೆ ಇಡೀ ಮನೆಯನ್ನು ಅಂತರ್ಜಾಲಕ್ಕೆ ಸೇರಿಸುತ್ತದೆ. ಇವು ನೋಟಕ್ಕೆ ಬೇರೆಬೇರೆಯಾದರೂ ಒಂದೇ ಜಾಲದ ಕೊಂಡಿಗಳು. ಹಾಗಾದರೆ ಇವುಗಳ ಏರಿ ಯಾವುದು? ಅದನ್ನು ದುರಸ್ತಿ ಮಾಡುವ ಬಗೆ ಹೇಗೆ? ವಿಚಾರಿಸಿ ನೋಡೋಣ.

ಇಂತಹ ಪ್ರತಿಯೊಂದು ಉಪಕರಣದ ಒಳಗೂ ಒಂದು ಪುಟ್ಟ ಗಣಕವಿರುತ್ತದೆ. ವಿದ್ಯುತ್ತು ಬಂದೊಡನೆ ಏನು ಮಾಡಬೇಕು, ಯಾರ ಮಾತನ್ನು ಕೇಳಬೇಕು, ಯಾರನ್ನು ಒಳಗೆ ಬಿಡಕೂಡದು ಎಂಬ ಆಜ್ಞೆಗಳು ಅದರ ಸ್ಮೃತಿಕೋಶದಲ್ಲಿ ಬರೆದಿರುತ್ತವೆ. ವಿದ್ಯುತ್ತು ಹೋದರೂ ಅಳಿಯದ ಈ ಆಜ್ಞಾಮಾಲೆಗೆ ಫರ್ಮ್‌ವೇರ್ ಎಂದು ಹೆಸರು. ಇದನ್ನು ಬರೆದವರು ಮನುಷ್ಯರೇ. ಸಾವಿರಾರು ಸಾಲುಗಳ ಬರಹದಲ್ಲಿ ಎಲ್ಲಿಯೋ ಒಂದೆಡೆ ತಪ್ಪು ನುಸುಳುವುದು ಸಹಜ. ಉಪಕರಣವು ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಆ ತಪ್ಪು ಏರಿಯೊಳಗಿನ ಇಲಿಯ ಬಿಲದಂತೆ ಅಡಗಿರಬಹುದು. ಅದು ಪತ್ತೆಯಾದಾಗ ತಯಾರಕರು ತಿದ್ದಿದ ಆಜ್ಞಾಮಾಲೆಯನ್ನು ಕಳುಹಿಸುತ್ತಾರೆ. ಇದೇ ಫರ್ಮ್‌ವೇರಿನ ನವೀಕರಣ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಹೊಸ ಬರಹವನ್ನು ಹಳೆಯದರೊಡನೆ ಹೋಲಿಸಿ ನೋಡಿದರೆ, ತಿದ್ದಲಾದ ತಪ್ಪು ಎಲ್ಲಿತ್ತೆಂಬುದು ದುಷ್ಟರಿಗೂ ತಿಳಿದುಬಿಡುತ್ತದೆ. ಆದುದರಿಂದ ತಿದ್ದುಪಡಿ ಪ್ರಕಟವಾದ ಮೇಲೆ ತಡಮಾಡಿದಷ್ಟೂ ಅಪಾಯ ಹೆಚ್ಚು.

ಅಲಕ್ಷ್ಯದ ಫಲವೇನೆಂಬುದನ್ನು ಕರ್ನಾಟಕವು ೨೦೧೭ರ ಜುಲೈ ತಿಂಗಳಿನಲ್ಲಿ ಕಂಡಿತು. ಬಿ.ಎಸ್.ಎನ್.ಎಲ್. ಚಂದಾದಾರರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಸ್ತಬ್ಧವಾದವು. ತಯಾರಕರು ಮೊದಲೇ ಇಟ್ಟ 'ಅಡ್ಮಿನ್' ಎಂಬ ಸಂಕೇತಪದವನ್ನು ಬದಲಿಸದೆ ಬಿಟ್ಟಿದ್ದ ಸುಮಾರು ೨,೦೦೦ ಮೋಡೆಮ್‌ಗಳು ಕೆಟ್ಟಿವೆಯೆಂದು ಸಂಸ್ಥೆ ಆಗ ತಿಳಿಸಿತು. ದೇಶದಲ್ಲಿ ಒಟ್ಟು ೬೦,೦೦೦ಕ್ಕೂ ಮಿಕ್ಕಿ ಎಂದು ಅನಂತರದ ವರದಿಗಳು ಹೇಳಿದವು. ಸಂಸ್ಥೆಯ ಮೂಲಜಾಲಕ್ಕೆ ಏನೂ ಆಗಿರಲಿಲ್ಲ. ಪೆಟ್ಟು ಬಿದ್ದುದು ಮನೆಮನೆಯ ಪೆಟ್ಟಿಗೆಗಳಿಗೆ. 'ಬ್ರಿಕರ್‌ಬಾಟ್' ಎಂಬ ಕೇಡಿನ ತಂತ್ರಾಂಶ ಇದರ ಹಿಂದಿತ್ತೆಂದು ವರದಿಯಾಯಿತು. ಉಪಕರಣದ ಸ್ಮೃತಿಕೋಶವನ್ನೇ ಕೆಡಿಸಿ ಅದನ್ನು ಇಟ್ಟಿಗೆಯಂತೆ ನಿರುಪಯುಕ್ತವಾಗಿಸುವುದೇ ಇದರ ಕೆಲಸ.

ಕೆಟ್ಟುಹೋದ ಮೋಡೆಮ್ ಒಬ್ಬನ ನಷ್ಟ. ಕೆಡದೆ, ಆದರೆ ಪರರ ವಶವಾಗಿ ದುಡಿಯುವ ಉಪಕರಣ ಎಲ್ಲರಿಗೂ ಕಂಟಕ. ೨೦೧೬ರಲ್ಲಿ 'ಮಿರಾಯ್' ಎಂಬ ತಂತ್ರಾಂಶವು ಸುಮಾರು ಅರುವತ್ತು ಸಾಮಾನ್ಯ ಹೆಸರು-ಸಂಕೇತಪದಗಳ ಜೋಡಿಗಳನ್ನು ಪ್ರಯೋಗಿಸಿ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಮೋಡೆಮ್ ಮೊದಲಾದವುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಅಂತಹ ಉಪಕರಣಗಳೆಲ್ಲ ಏಕಕಾಲದಲ್ಲಿ 'ಡೈನ್' ಎಂಬ ಅಮೆರಿಕದ ಕಂಪನಿಯ ಮೇಲೆ ಕೋರಿಕೆಗಳ ಮಳೆಗರೆದುದರಿಂದ ಟ್ವಿಟರ್‌ನಂತಹ ಹೆಸರಾಂತ ತಾಣಗಳು ಗಂಟೆಗಟ್ಟಲೆ ದೊರೆಯದಾದವು. ತಮ್ಮ ಕ್ಯಾಮೆರಾ ಈ ದಾಳಿಯಲ್ಲಿ ಭಾಗಿಯಾಗಿದೆಯೆಂಬುದು ಅದರ ಒಡೆಯರಿಗೆ ತಿಳಿಯುವಂತೆಯೇ ಇರಲಿಲ್ಲ; ಅದು ಎಂದಿನಂತೆಯೇ ಚಿತ್ರ ತೋರಿಸುತ್ತಿತ್ತು.

ನವೀಕರಣವೆಂಬ ಹೆಸರಿನಲ್ಲಿಯೇ ಶತ್ರುವು ಒಳಹೊಗಲಾರನೆ? ಈ ಸಂದೇಹ ಯೋಗ್ಯವಾದುದೇ. ಅದಕ್ಕಾಗಿ ಒಳ್ಳೆಯ ತಯಾರಕರು ಹೊಸ ಫರ್ಮ್‌ವೇರಿಗೆ ಗಣಿತದ ಮುದ್ರೆಯೊಂದನ್ನು ಒತ್ತುತ್ತಾರೆ. ಈ ಮುದ್ರೆಯನ್ನು ಒತ್ತುವ ಗುಟ್ಟಿನ ಕೀಲಿ ತಯಾರಕರ ಬಳಿ ಮಾತ್ರ ಇರುತ್ತದೆ. ಪರೀಕ್ಷಿಸುವ ಕೀಲಿ ಪ್ರತಿಯೊಂದು ಉಪಕರಣದಲ್ಲಿಯೂ ಇರುತ್ತದೆ. ಒಂದು ಅಕ್ಷರ ಬದಲಾದರೂ ಮುದ್ರೆ ಹೊಂದದು. ಉಪಕರಣ ಅದನ್ನು ತಿರಸ್ಕರಿಸುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಉಪಕರಣ ಕೆಡುವ ಸಂಭವವೂ ಉಂಟು. ಇದನ್ನು ತಪ್ಪಿಸಲು ಕೆಲವು ಉಪಕರಣಗಳಲ್ಲಿ ಎರಡು ಕೋಶಗಳಿರುತ್ತವೆ. ಹೊಸದನ್ನು ಖಾಲಿ ಕೋಶದಲ್ಲಿ ಬರೆದು, ಸರಿಯೆಂದು ಕಂಡ ಮೇಲೆಯೇ ಹಳೆಯದನ್ನು ಬಿಡುವುದು ಕ್ರಮ. ಈ ಏರ್ಪಾಡಿಲ್ಲದ ಉಪಕರಣವನ್ನು, ವಿದ್ಯುತ್ತು ನಿಲ್ಲದೆಂಬ ಭರವಸೆಯಿರುವ ಹೊತ್ತಿನಲ್ಲಿ ಮಾತ್ರ ನವೀಕರಿಸುವುದು ಲೇಸು.

ಇನ್ನು ನಾವು ಮಾಡಬೇಕಾದುದೇನು? ಉಪಕರಣ ತಂದ ದಿನವೇ ಅದರ ಸಂಕೇತಪದವನ್ನು ಬದಲಿಸಬೇಕು. ತಾನಾಗಿಯೇ ನವೀಕರಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನು ಚಾಲನೆಯಲ್ಲಿಡಬೇಕು. ಇಲ್ಲವಾದರೆ ತಿಂಗಳಿಗೊಮ್ಮೆ ತಯಾರಕರ ತಾಣವನ್ನು ನೋಡಬೇಕು. ಕೊಳ್ಳುವ ಮೊದಲೇ ಎಷ್ಟು ವರ್ಷ ತಿದ್ದುಪಡಿ ದೊರೆಯುವುದೆಂದು ಕೇಳಬೇಕು. ಇದನ್ನು ಮುಂದಾಗಿ ತಿಳಿಸಲೇಬೇಕೆಂದು ಬ್ರಿಟನ್ನಿನ ಕಾನೂನು ೨೦೨೪ರ ಏಪ್ರಿಲ್ ತಿಂಗಳಿಂದ ವಿಧಿಸಿದೆ. ಭಾರತ ಸರ್ಕಾರವೂ ಅದೇ ವರ್ಷ ಕಾವಲು ಕ್ಯಾಮೆರಾಗಳಿಗೆ ಭದ್ರತೆಯ ನಿಯಮಗಳನ್ನು ಗೊತ್ತುಮಾಡಿತು. ತಯಾರಕರೇ ಕೈಬಿಟ್ಟ ಹಳೆಯ ಉಪಕರಣವನ್ನು, ಅದು ಓಡುತ್ತಿದ್ದರೂ, ಜಾಲದಿಂದ ಬೇರ್ಪಡಿಸುವುದೇ ವಿವೇಕ.

ಕೆರೆಯ ನೀರುಗಂಟಿ ಮಳೆಗಾಲಕ್ಕೆ ಮುನ್ನವೇ ಏರಿಯನ್ನು ನೋಡಿ ಬರುತ್ತಿದ್ದನು. ನೀರು ಸೋರತೊಡಗಿದ ಮೇಲೆ ಬುಟ್ಟಿ ಹಿಡಿದು ಓಡುವುದಕ್ಕಿಂತ ಅದು ಸುಲಭವೆಂಬುದು ಅವನಿಗೆ ತಿಳಿದಿತ್ತು. ಮನೆಯಲ್ಲಿ ಮೋಡೆಮ್ ಇರುವ ವಿದ್ಯಾರ್ಥಿಗಳು ಇಂದು ಸಂಜೆಯೇ ಆ ಕೆಲಸವನ್ನು ಆರಂಭಿಸಬಹುದು.