ಕಲ್ಲುಗೋಡೆಯೊಳಗಿನ ಕೇಳುಗರು

ಹಾಡು ಹುಟ್ಟುವುದು ಹಾಡುಗಾರನ ಕಂಠದಲ್ಲಾದರೂ ಅದು ಬೆಳೆದು ಬಾಳುವುದು ಕೇಳುವವರ ಮನಸ್ಸಿನಲ್ಲಿ. ನಮ್ಮ ಕಾವ್ಯಮೀಮಾಂಸಕರು ಒಳ್ಳೆಯ ಕೇಳುಗನನ್ನು 'ಸಹೃದಯ'ನೆಂದು ಕರೆದು ಅವನಿಗೆ ಕವಿಯ ಪಕ್ಕದಲ್ಲಿಯೇ ಸ್ಥಾನವನ್ನು ಕಲ್ಪಿಸಿದ್ದಾರೆ. ಹಿಂದಿನ ಕಾಲದಲ್ಲಿ ಹಾಡುವವನೂ ಕೇಳುವವನೂ ಎದುರುಬದುರಾಗಿ ಕುಳಿತಿರುತ್ತಿದ್ದರು. ಕೇಳುವವನು ತಲೆದೂಗಿದುದು, 'ಭಲೆ' ಎಂದುದು, ಬೇಸತ್ತು ಆಕಳಿಸಿದುದು, ಎಲ್ಲವೂ ಆ ಕ್ಷಣದಲ್ಲಿಯೇ ಹಾಡುಗಾರನಿಗೆ ತಿಳಿಯುತ್ತಿದ್ದವು. ಗ್ರಾಮಫೋನ್ ಮತ್ತು ರೇಡಿಯೋಗಳು ಬಂದ ಮೇಲೆ ಈ ಸಂಬಂಧವು ಬದಲಾಯಿತು. ಹಾಡುಗಾರನು ಒಂದೆಡೆ ಹಾಡಿದುದನ್ನು ಲಕ್ಷಾಂತರ ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಕೇಳುವಂತಾಯಿತು. ಅವರ ಅಭಿಪ್ರಾಯವನ್ನು ಮಾರಾಟದ ಅಂಕಿಗಳಿಂದಲೂ ಪತ್ರಿಕೆಗಳ ವಿಮರ್ಶೆಯಿಂದಲೂ ಊಹಿಸಬೇಕಾಯಿತು. ಹೀಗಿರುವಲ್ಲಿ, ತನ್ನ ಮೊದಲ ಕೇಳುಗರ ಧ್ವನಿಯನ್ನೂ ತನ್ನೊಳಗೆ ಅಚ್ಚೊತ್ತಿಕೊಂಡಿರುವ ಧ್ವನಿಮುದ್ರಿಕೆಯೊಂದು ಇದೆ. ಕೇಳುಗರ ಅಭಿಪ್ರಾಯವು ಹೇಗೆ ರೂಪುಗೊಳ್ಳುತ್ತದೆ, ಹೇಗೆ ತಪ್ಪುದಾರಿ ಹಿಡಿಯುತ್ತದೆ ಎಂಬುದಕ್ಕೆ ಅದರ ಕಥೆ ಉತ್ತಮ ನಿದರ್ಶನವಾಗಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದ ಗ್ರಾಮೀಣ ಜನರಲ್ಲಿ ಬೆಳೆದು ಬಂದ ಹಾಡುಗಾರಿಕೆಗೆ 'ಕಂಟ್ರಿ ಸಂಗೀತ'ವೆಂದು ಹೆಸರು. ಬ್ರಿಟನ್ ಮತ್ತು ಐರ್ಲೆಂಡುಗಳಿಂದ ವಲಸೆ ಬಂದವರ ಕಥನಗೀತೆಗಳು ಹಾಗೂ ಪಿಟೀಲಿನ ಧಾಟಿಗಳು, ಗುಲಾಮರಾಗಿ ಬಂದ ಆಫ್ರಿಕದ ಜನರ ಬ್ಯಾಂಜೋ ವಾದ್ಯ ಮತ್ತು ಅವರ ಸಂತತಿಯವರ ದುಃಖಗೀತೆಗಳು, ಇಗರ್ಜಿಯ ಭಕ್ತಿಗೀತೆಗಳು, ಇವೆಲ್ಲ ಸೇರಿ ಇದು ರೂಪುಗೊಂಡಿತು. ದುಡಿಮೆ, ಬಡತನ, ಪ್ರೇಮ, ಪಶ್ಚಾತ್ತಾಪ, ರೈಲು, ಸೆರೆಮನೆ ಮೊದಲಾದುವು ಈ ಹಾಡುಗಳ ಸಾಮಾನ್ಯ ವಸ್ತುಗಳು.

ಈ ಪರಂಪರೆಯ ಪ್ರಸಿದ್ಧ ಗಾಯಕರಲ್ಲಿ ಜಾನಿ ಕ್ಯಾಶ್ ಒಬ್ಬನು. ಅವನು 1932ರಲ್ಲಿ ಅರ್ಕಾನ್ಸಾ ರಾಜ್ಯದ ಬಡ ರೈತ ಕುಟುಂಬವೊಂದರಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಹೊಲದಲ್ಲಿ ಹತ್ತಿ ಬಿಡಿಸುತ್ತ ಹಾಡು ಕಲಿತನು. ಮುಂದೆ ವಾಯುಸೇನೆಗೆ ಸೇರಿ ಜರ್ಮನಿಯಲ್ಲಿದ್ದಾಗ, ಕ್ಯಾಲಿಫೋರ್ನಿಯದ ಫೋಲ್ಸಮ್ ಸೆರೆಮನೆಯನ್ನು ಕುರಿತ ಚಲನಚಿತ್ರವೊಂದನ್ನು ನೋಡಿದನು. ಅದರ ಪ್ರಭಾವದಿಂದ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಎಂಬ ಹಾಡು ಮೂಡಿಬಂದಿತು. ಅದರ ರಾಗದ ಬಹುಭಾಗವನ್ನು ಅವನು ಗಾರ್ಡನ್ ಜೆಂಕಿನ್ಸ್ ಎಂಬ ಸಂಗೀತಗಾರನ ಹಾಡೊಂದರಿಂದ ತೆಗೆದುಕೊಂಡಿದ್ದನು. ದೂರದಲ್ಲಿ ಸಾಗುವ ರೈಲಿನ ಸದ್ದನ್ನು ಕೇಳುತ್ತ, ತನ್ನ ಅಪರಾಧವನ್ನೂ ಕಳೆದುಕೊಂಡ ಸ್ವಾತಂತ್ರ್ಯವನ್ನೂ ನೆನೆಯುವ ಕೈದಿಯೊಬ್ಬನ ಹಾಡು ಅದು. 1955ರಲ್ಲಿ ಮೆಂಫಿಸ್ ನಗರದ ಸನ್ ಕಂಪೆನಿಯಲ್ಲಿ ಅದರ ಧ್ವನಿಮುದ್ರಣವಾಯಿತು. ಅದನ್ನು ಕೇಳಿದ ಕೈದಿಗಳು ಕ್ಯಾಶ್‌ನಿಗೆ ಕಾಗದಗಳನ್ನು ಬರೆದು, ತಮ್ಮಲ್ಲಿಗೆ ಬಂದು ಹಾಡಬೇಕೆಂದು ಕೋರಿದರು. 1957ರಿಂದ ಅವನು ಸೆರೆಮನೆಗಳಿಗೆ ಹೋಗಿ ಹಾಡತೊಡಗಿದನು.

ಅಲ್ಲಿ ಹಾಡುವಾಗ ದೊರೆಯುವ ಪ್ರತಿಕ್ರಿಯೆ ಬೇರೆಲ್ಲಿಯೂ ದೊರೆಯದೆಂಬುದನ್ನು ಕ್ಯಾಶ್ ಕಂಡುಕೊಂಡನು. ಸೆರೆಮನೆಯಲ್ಲಿಯೇ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಬೇಕೆಂಬ ಆಸೆ ಅವನಿಗಿದ್ದರೂ ಅದು ಬೇಗನೆ ಕೈಗೂಡಲಿಲ್ಲ. 1960ರ ದಶಕದ ಮಧ್ಯಭಾಗದಲ್ಲಿ ಮಾದಕ ಗುಳಿಗೆಗಳ ಚಟಕ್ಕೆ ಸಿಲುಕಿ ಅವನ ಆರೋಗ್ಯವೂ ಕೀರ್ತಿಯೂ ಕುಂದಿದ್ದವು. ಕೊನೆಗೆ ಕೊಲಂಬಿಯಾ ಕಂಪೆನಿಯ ನಿರ್ಮಾಪಕ ಬಾಬ್ ಜಾನ್ಸ್ಟನ್ ಈ ಯೋಜನೆಗೆ ಒಪ್ಪಿಗೆ ಕೊಟ್ಟನು. 1968ನೆಯ ಜನವರಿ 13ರಂದು ಫೋಲ್ಸಮ್ ಸೆರೆಮನೆಯ ಊಟದ ಮನೆಯಲ್ಲಿ ಕೈದಿಗಳ ಮುಂದೆ ಎರಡು ಕಚೇರಿಗಳು ನಡೆದವು. ಏನಾದರೂ ತೊಡಕಾದರೆ ಇರಲೆಂದು ಎರಡನ್ನೂ ಮುದ್ರಿಸಿಕೊಂಡರು. ಬಿಡುಗಡೆಯಾದ ತಟ್ಟೆಯಲ್ಲಿ ಹೆಚ್ಚಿನವು ಮೊದಲನೆಯ ಕಚೇರಿಯ ಹಾಡುಗಳೇ ಆಗಿವೆ.

ಈ ಮುದ್ರಿಕೆಯನ್ನು ಕೇಳುವವರಿಗೆ ಹಾಡಿನೊಡನೆ ಆ ಸ್ಥಳವೂ ಕೇಳಿಸುತ್ತದೆ. ಕೈದಿಗಳ ನಗು, ಸಿಳ್ಳು, ಚಪ್ಪಾಳೆ, ನಡುನಡುವೆ ಧ್ವನಿವರ್ಧಕದಲ್ಲಿ ಅಧಿಕಾರಿಗಳು ಮಾಡುವ ಪ್ರಕಟಣೆ, ಇವೆಲ್ಲ ಅದರಲ್ಲಿವೆ. ಕ್ಯಾಶ್ ಅವರಿಗೆ ಉಪದೇಶ ಮಾಡಲಿಲ್ಲ. ಅವರ ದಿನನಿತ್ಯದ ಬದುಕಿನ ಸಂಗತಿಗಳನ್ನೇ ಹಾಡಿದನು, ಅವರೊಡನೆ ತಮಾಷೆಯ ಮಾತುಗಳನ್ನಾಡಿದನು. ಕೊನೆಯ ಹಾಡನ್ನು ಬರೆದವನಾದರೋ ಅದೇ ಸೆರೆಮನೆಯ ಕೈದಿಯಾದ ಗ್ಲೆನ್ ಶರ್ಲಿ. ಸೆರೆಮನೆಯ ಪ್ರಾರ್ಥನಾ ಮಂದಿರವನ್ನು ಕುರಿತ ಆ ಹಾಡು ಪಾದ್ರಿಯೊಬ್ಬನ ಮೂಲಕ ಕ್ಯಾಶ್‌ನ ಕೈಸೇರಿತ್ತು. ಹಿಂದಿನ ರಾತ್ರಿಯಷ್ಟೇ ಅದನ್ನು ಕಲಿತು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಶರ್ಲಿಯ ಎದುರಿನಲ್ಲಿಯೇ ಕ್ಯಾಶ್ ಹಾಡಿದನು. ಹೀಗೆ ಕೇಳುಗರಲ್ಲಿ ಒಬ್ಬನು ಆ ದಿನ ಕವಿಯೂ ಆದನು.

1968ರ ಮೇ ತಿಂಗಳಲ್ಲಿ ಧ್ವನಿಮುದ್ರಿಕೆ ಬಿಡುಗಡೆಯಾಯಿತು. ಅದು ಕಂಟ್ರಿ ಸಂಗೀತದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಕಂಟ್ರಿ ಸಂಗೀತವನ್ನು ಅಷ್ಟಾಗಿ ಕೇಳದಿದ್ದ ನಗರದ ತರುಣರೂ ಅದನ್ನು ಮೆಚ್ಚಿದರು. ಅಧಿಕಾರವನ್ನು ಪ್ರಶ್ನಿಸುವ ಧೋರಣೆ ಬೆಳೆಯುತ್ತಿದ್ದ ಆ ಕಾಲದಲ್ಲಿ, ಸಮಾಜವು ಮೂಲೆಗೊತ್ತಿದವರ ನಡುವೆ ನಿಂತು ಹಾಡಿದ ಗಾಯಕನು ಅವರಿಗೆ ಆಪ್ತನಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಮರುವರ್ಷ 'ಫೋಲ್ಸಮ್ ಪ್ರಿಸನ್ ಬ್ಲೂಸ್' ಹಾಡಿನ ಗಾಯನಕ್ಕೂ, ಮುದ್ರಿಕೆಯ ಹೊದಿಕೆಗಾಗಿ ಕ್ಯಾಶ್ ತಾನೇ ಬರೆದ ಟಿಪ್ಪಣಿಗೂ ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಆದರೆ ಜನಾಭಿಪ್ರಾಯವು ಹಾಡೊಂದರಿಂದಲೇ ನಿರ್ಧಾರವಾಗುವುದಿಲ್ಲ. ಕಾಲದ ಘಟನೆಗಳೂ ಅದನ್ನು ತಿರುಗಿಸುತ್ತವೆ. ಆ ಹಾಡಿನಲ್ಲಿ ಕೈದಿಯು ತಾನು ನಿಷ್ಕಾರಣವಾಗಿ ಮಾಡಿದ ಕೊಲೆಯನ್ನು ಒಪ್ಪಿಕೊಳ್ಳುವ ಒಂದು ಸಾಲು ಉಂಟು. 1968ರ ಜೂನ್ 5ರಂದು ಸೆನೆಟ್ ಸದಸ್ಯ ರಾಬರ್ಟ್ ಕೆನಡಿ ಗುಂಡೇಟಿಗೆ ಗುರಿಯಾಗಿ ಮರುದಿನ ಮೃತನಾದನು. ದೇಶವು ಶೋಕದಲ್ಲಿ ಮುಳುಗಿರುವಾಗ ಇಂಥ ಸಾಲು ಕೇಳಿಸಬಾರದೆಂದು ಅನೇಕ ರೇಡಿಯೋ ಕೇಂದ್ರಗಳು ಹಾಡನ್ನು ನಿಲ್ಲಿಸಿದವು. ಕ್ಯಾಶ್ ಬೇಡವೆಂದರೂ ಕಂಪೆನಿಯು ಆ ಸಾಲನ್ನು ಕತ್ತರಿಸಿ ಹಾಡನ್ನು ಮತ್ತೆ ಹೊರತಂದಿತು. ಮೇ ತಿಂಗಳಿನಲ್ಲಿ ಜನರು ಮೆಚ್ಚಿ ಕೇಳಿದ ಮಾತು ಜೂನಿನಲ್ಲಿ ಕಿವಿಗೆ ಕಠೋರವಾಯಿತು.

ಇನ್ನೊಂದು ತಪ್ಪು ಕಲ್ಪನೆಯೂ ಹಬ್ಬಿತು. ಕೈದಿಯ ಹಾಡನ್ನು ಅಷ್ಟು ಸಹಜವಾಗಿ ಹಾಡಿದ ಕ್ಯಾಶ್ ತಾನೂ ಸೆರೆಮನೆಯ ಶಿಕ್ಷೆಯನ್ನು ಅನುಭವಿಸಿದವನೇ ಇರಬೇಕೆಂದು ಬಹುಮಂದಿ ನಂಬಿದರು. ನಿಜವಾಗಿ, ಸಣ್ಣಪುಟ್ಟ ಅಪರಾಧಗಳಿಗಾಗಿ ಕೆಲವು ಬಾರಿ ಠಾಣೆಯಲ್ಲಿ ರಾತ್ರಿ ಕಳೆದುದನ್ನು ಬಿಟ್ಟರೆ ಅವನು ಸೆರೆವಾಸದ ಶಿಕ್ಷೆಯನ್ನು ಅನುಭವಿಸಿದವನಲ್ಲ. ಪಾತ್ರವನ್ನೂ ಪಾತ್ರಧಾರಿಯನ್ನೂ ಒಂದೆಂದು ತಿಳಿಯುವುದು ಕೇಳುಗರಿಗೆ ಸಹಜವಾದ ಮೋಹ. ಗಾಯಕನ ಕೌಶಲಕ್ಕೆ ಅದು ಒಂದು ಬಗೆಯ ಪ್ರಶಂಸೆಯಾದರೂ ಸತ್ಯವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಬಹುಕಾಲದ ಮೇಲೆ ಸಂಶೋಧಕರಿಂದ ಬೆಳಕಿಗೆ ಬಂದಿತು. ಬಿಡುಗಡೆಯಾದ ತಟ್ಟೆಯಲ್ಲಿ, ಕೊಲೆಯನ್ನು ಹೇಳುವ ಆ ಸಾಲು ಮುಗಿದೊಡನೆ ಯಾರೋ ಹರ್ಷದಿಂದ ಕೂಗಿದುದು ಕೇಳಿಸುತ್ತದೆ. ಅದನ್ನು ಕೇಳಿ ಕೆಲವರು ರೋಮಾಂಚಗೊಂಡರು, ಕೆಲವರು ಬೆಚ್ಚಿಬಿದ್ದರು. ಕೊಲೆಯ ಮಾತಿಗೆ ಸಂತೋಷಪಡುವ ಈ ಜನರು ಎಂಥವರು ಎಂದು ಅಸಹ್ಯಪಡಲು ಅದು ಸಾಕಾಗಿತ್ತು. ಮೂಲ ಧ್ವನಿಸುರುಳಿಯನ್ನು ಪರೀಕ್ಷಿಸಿದಾಗ ಆ ಜಾಗದಲ್ಲಿ ಅಂಥ ಕೂಗೇ ಇರಲಿಲ್ಲ. ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಲಾಗಿತ್ತು. ಸುತ್ತಲೂ ನಿಂತ ಕಾವಲುಗಾರರಿಗೆ ಅಂಜಿ, ಸೆರೆಮನೆಯ ಬದುಕನ್ನು ಕುರಿತ ಮಾತುಗಳಿಗೆ ಹರ್ಷ ತೋರಿಸುವಾಗ ಕೈದಿಗಳು ಎಚ್ಚರಿಕೆಯಿಂದಿದ್ದರೆಂದು ಸಂಶೋಧಕರು ವಿವರಿಸಿದ್ದಾರೆ. ಕಾರಣವೇನೇ ಇರಲಿ, ಆ ಕ್ಷಣದಲ್ಲಿ ಅವರು ಸುಮ್ಮನಿದ್ದರು. ಆ ಮೌನವನ್ನು ಅಳಿಸಿ ಅವರದಲ್ಲದ ಕೂಗನ್ನು ಅವರ ಬಾಯಿಗೆ ಹಾಕಿದುದರಿಂದ, ತಮ್ಮ ಪರವಾಗಿ ಮಾತನಾಡಲು ಅವಕಾಶವೇ ಇಲ್ಲದ ಜನರಿಗೆ ಅನ್ಯಾಯವಾಯಿತೆಂದು ಹೇಳಬೇಕು.

ಹಾಗೆಂದು ಈ ಧ್ವನಿಮುದ್ರಿಕೆಯ ಬೆಲೆ ಕಡಿಮೆಯಾಗುವುದಿಲ್ಲ. ಅದರಲ್ಲಿರುವ ಬೇರೆ ನಗುವೂ ಚಪ್ಪಾಳೆಯೂ ಆ ಊಟದ ಮನೆಯಲ್ಲಿಯೇ ಹುಟ್ಟಿದುವು. ಕಲ್ಲುಗೋಡೆಯ ಹಿಂದೆ ಇರುವವರೂ ಮನುಷ್ಯರೆಂಬ ಅರಿವನ್ನು ಅದು ಹೊರಗಿನ ಅಸಂಖ್ಯಾತ ಕೇಳುಗರಿಗೆ ಉಂಟುಮಾಡಿತು. 1972ರಲ್ಲಿ ಕ್ಯಾಶ್ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಹಾಜರಾಗಿ ಸೆರೆಮನೆಗಳ ಸುಧಾರಣೆಗಾಗಿ ಸಾಕ್ಷ್ಯ ನುಡಿದನು. ಆ ವೇಳೆಗೆ ಬಿಡುಗಡೆ ಹೊಂದಿದ್ದ ಶರ್ಲಿಯೂ ಅಲ್ಲಿ ಮಾತನಾಡಿದನು. 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಮುದ್ರಿಕೆಯನ್ನು ರಾಷ್ಟ್ರವು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಶ್ ತೀರಿಕೊಂಡನು.

ಒಂದು ಹಾಡನ್ನು ಕುರಿತು ನಾವು ಅಭಿಪ್ರಾಯ ಹೇಳುವಾಗ ಹಾಡಿನ ಗುಣದೋಷಗಳನ್ನು ಮಾತ್ರ ಹೇಳುತ್ತಿರುವುದಿಲ್ಲ. ಅದನ್ನು ಹಾಡಿದವರನ್ನೂ ಕೇಳಿದವರನ್ನೂ ಕುರಿತು ತೀರ್ಪು ಕೊಡುತ್ತಿರುತ್ತೇವೆ. ಮಾರಾಟದ ಪಟ್ಟಿ, ಪತ್ರಿಕೆಯ ಹೊಗಳಿಕೆ, ಇತರರ ಚಪ್ಪಾಳೆ ಇವು ನಮಗಿಂತ ಮೊದಲೇ ಆ ತೀರ್ಪನ್ನು ಬರೆದಿಟ್ಟಿರುವುದುಂಟು. ಆದುದರಿಂದ ನಾವು ಕೇಳುತ್ತಿರುವುದು ಹಾಡನ್ನೋ, ಹಾಡಿನ ಸುತ್ತಲಿನ ಗದ್ದಲವನ್ನೋ ಎಂದು ವಿಚಾರಿಸಿ ನೋಡಬೇಕು. ನಮ್ಮ ಕಣ್ಣಿಗೆ ಬೀಳದ, ಮಾರುತ್ತರ ಕೊಡಲಾರದ ಜನರನ್ನು ಕುರಿತು ತೀರ್ಪು ಕೊಡುವಾಗಲಂತೂ ಈ ವಿಚಾರ ಇನ್ನೂ ಅಗತ್ಯ. ಫೋಲ್ಸಮ್ ಸೆರೆಮನೆಯ ಕೈದಿಗಳು ಆ ದಿನ ಯಾವುದಕ್ಕೆ ನಕ್ಕರು, ಯಾವುದಕ್ಕೆ ಚಪ್ಪಾಳೆ ತಟ್ಟಿದರು, ಯಾವ ಮಾತಿಗೆ ಮೌನವಾಗಿದ್ದರು ಎಂಬುದನ್ನು ತಾಳ್ಮೆಯಿಂದ ತಿಳಿಯಬಯಸುವವನೇ ಅವರಿಗೆ ನ್ಯಾಯ ಸಲ್ಲಿಸುವ ಕೇಳುಗನು.